ಬ್ಯಾಟ್ ಬೀಸದೆಯೂ ತಂಡವನ್ನು ಗೆಲ್ಲಿಸಬಹುದೇ? ಮೈಕ್ ಟ್ರೌಟ್ ಅಂಕಿಅಂಶಗಳು ಹೇಳುವುದೇನು?

ನಮ್ಮಲ್ಲಿ ಬೇಸ್‌ಬಾಲ್ ಪಂದ್ಯಗಳನ್ನು ಕುಳಿತು ನೋಡುವವರು ಕಡಿಮೆ. ಆದರೆ ಬೇಸ್‌ಬಾಲ್‌ನ ತುಣುಕು ವಿಡಿಯೊಗಳು ರೀಲ್ಸ್‌ನಲ್ಲೋ ವಾಟ್ಸಾಪ್ ಗ್ರೂಪ್‌ನಲ್ಲೋ ಒಂದಲ್ಲ ಒಂದು ದಿನ ಎಲ್ಲರ ಫೋನಿಗೂ ಬರುತ್ತವೆ. ಬೇಲಿಯ ಮೇಲೆ ಹಾರಿ ಹಿಡಿದ ಕ್ಯಾಚ್, ಪ್ರೇಕ್ಷಕರ ನಡುವೆ ಹೋಗಿ ಬಿದ್ದ ಹೋಮ್ ರನ್, ಧೂಳೆಬ್ಬಿಸಿಕೊಂಡು ಬೇಸ್‌ಗೆ ಜಾರುವ ಓಟಗಾರ. ಕೆಳಗೆ ‘ಇವನೇ ವಿಶ್ವದ ನಂಬರ್ 1’ ಎಂಬ ಸಾಲು, ಜೊತೆಗೆ ಒಂದೆರಡು ದೊಡ್ಡ ಸಂಖ್ಯೆಗಳು.

ಇಂಥ ವಿಡಿಯೊಗಳಲ್ಲಿ ಯಾವತ್ತೂ ಕಾಣಿಸದ ಒಂದು ಕೆಲಸವಿದೆ. ಅದು ಬ್ಯಾಟರ್ ಒಬ್ಬ ಚೆಂಡನ್ನು ಮುಟ್ಟದೆ ಸುಮ್ಮನೆ ಬಿಡುವುದು. ಅದನ್ನು ಯಾರೂ ಎಡಿಟ್ ಮಾಡಿ ಹಾಡು ಹಾಕಿ ಹಂಚುವುದಿಲ್ಲ. ಆದರೆ ಅಮೆರಿಕದ ಬೇಸ್‌ಬಾಲ್‌ನಲ್ಲಿ ಯಾರು ದೊಡ್ಡ ಆಟಗಾರ ಎಂಬ ಪ್ರಶ್ನೆಗೆ ಉತ್ತರವನ್ನೇ ಬದಲಿಸಿದ ಕೆಲಸಗಳಲ್ಲಿ ಅದೂ ಒಂದು. ಲಾಸ್ ಏಂಜಲಿಸ್ ಏಂಜಲ್ಸ್ ತಂಡದ ಮೈಕ್ ಟ್ರೌಟ್ ಅವರ ಉದಾಹರಣೆ ಇಟ್ಟುಕೊಂಡು ಇದನ್ನು ಬಿಡಿಸಿ ನೋಡೋಣ. ಬೇಸ್‌ಬಾಲ್ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ, ಬೇಕಾದಷ್ಟು ನಿಯಮಗಳನ್ನು ಮೊದಲು ಹೇಳುತ್ತೇವೆ.

ಮೊದಲು ಆಟದ ಲೆಕ್ಕ

ಬೇಸ್‌ಬಾಲ್‌ನಲ್ಲಿ ಚೆಂಡು ಎಸೆಯುವವನು ಪಿಚರ್, ಹೊಡೆಯುವವನು ಬ್ಯಾಟರ್. ಬ್ಯಾಟರ್ ಮುಂದೆ ಕಣ್ಣಿಗೆ ಕಾಣದ ಒಂದು ಚೌಕಟ್ಟಿದೆ. ಇದಕ್ಕೆ ಸ್ಟ್ರೈಕ್ ಝೋನ್ ಎನ್ನುತ್ತಾರೆ. ಅಗಲ 17 ಇಂಚು, ಅಂದರೆ ಸುಮಾರು 43 ಸೆಂಟಿಮೀಟರ್. ಎತ್ತರ ಬ್ಯಾಟರ್‌ನ ಮೊಣಕಾಲಿನ ಕೆಳಭಾಗದಿಂದ ಎದೆಯ ಮಟ್ಟದವರೆಗೆ.

ಚೆಂಡು ಈ ಚೌಕಟ್ಟಿನೊಳಗೆ ಬಂದಾಗ ಬ್ಯಾಟರ್ ಬಿಟ್ಟರೆ ಅದು ‘ಸ್ಟ್ರೈಕ್’. ಬೀಸಿ ತಪ್ಪಿಸಿಕೊಂಡರೆ ಚೆಂಡು ಎಲ್ಲಿದ್ದರೂ ಸ್ಟ್ರೈಕ್. ಚೌಕಟ್ಟಿನ ಹೊರಗೆ ಬಂದ ಚೆಂಡನ್ನು ಬ್ಯಾಟರ್ ಬಿಟ್ಟರೆ ಅದು ‘ಬಾಲ್’. 3 ಸ್ಟ್ರೈಕ್ ಆದರೆ ಬ್ಯಾಟರ್ ಔಟ್. 4 ಬಾಲ್ ಆದರೆ ಬ್ಯಾಟರ್ ನಡೆದುಕೊಂಡೇ ಮೊದಲ ಬೇಸ್‌ಗೆ ಹೋಗಬಹುದು. ಇದಕ್ಕೆ ‘ವಾಕ್’ ಎಂದು ಹೆಸರು.

ಕ್ರಿಕೆಟ್ ನೋಡುವವರಿಗೆ ಇದು ಅರ್ಧ ಪರಿಚಿತ. ಆಫ್ ಸ್ಟಂಪ್‌ನ ಹೊರಗಿನ ಚೆಂಡನ್ನು ಬಿಡುವುದು ಎಂದ ಕೂಡಲೇ ನಮ್ಮ ರಾಹುಲ್ ದ್ರಾವಿಡ್ ನೆನಪಾಗುತ್ತಾರೆ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಟೆಸ್ಟ್ ಕ್ರಿಕೆಟ್‌ನಲ್ಲಿ ಚೆಂಡು ಬಿಟ್ಟರೆ ವಿಕೆಟ್ ಉಳಿಯುತ್ತದೆ, ರನ್ ಬರುವುದಿಲ್ಲ. ಬೇಸ್‌ಬಾಲ್‌ನಲ್ಲಿ ಸರಿಯಾದ ಚೆಂಡನ್ನು ಬಿಟ್ಟರೆ ಲಾಭ ನೇರವಾಗಿ ಸ್ಕೋರ್ ಲೆಕ್ಕಕ್ಕೆ ಸೇರುತ್ತದೆ. ಹಾಗೆಯೇ ತಪ್ಪು ಚೆಂಡನ್ನು ಬಿಟ್ಟರೆ ನಷ್ಟವೂ ನೇರ.

ಯಾವ ಚೆಂಡಿಗೆ ಬೀಸಬೇಕು, ಯಾವುದನ್ನು ಬಿಡಬೇಕು ಎಂಬ ಈ ವಿವೇಚನೆಯನ್ನೇ ಬೇಸ್‌ಬಾಲ್‌ನಲ್ಲಿ ‘ಪ್ಲೇಟ್ ಡಿಸಿಪ್ಲಿನ್’ ಎನ್ನುತ್ತಾರೆ. ಬ್ಯಾಟರ್ ಪಕ್ಕದಲ್ಲಿ ನಿಲ್ಲುವ ಬಿಳಿ ಫಲಕಕ್ಕೆ ಹೋಮ್ ಪ್ಲೇಟ್ ಎಂಬ ಹೆಸರಿರುವುದರಿಂದ ಈ ಮಾತು ಬಂದಿದೆ.

ಯೋಚಿಸಲು ಸಿಗುವ ಸಮಯ ಎಷ್ಟು?

ಪಿಚರ್ ನಿಲ್ಲುವ ಜಾಗದಿಂದ ಹೋಮ್ ಪ್ಲೇಟ್‌ಗೆ 18.44 ಮೀಟರ್ ದೂರ. ಆದರೆ ಪಿಚರ್ ಮುಂದಕ್ಕೆ ಬಾಗಿ ಎಸೆಯುವುದರಿಂದ ಚೆಂಡು ನಿಜವಾಗಿ ಸಾಗುವುದು ಸುಮಾರು 17 ಮೀಟರ್. ಗಂಟೆಗೆ 150 ಕಿಲೋಮೀಟರ್ ವೇಗದ ಚೆಂಡಿಗೆ ಈ ದೂರ ಕ್ರಮಿಸಲು ಬೇಕಾಗುವುದು ಸುಮಾರು 0.4 ಸೆಕೆಂಡ್. ಕಣ್ಣು ಮಿಟುಕಿಸಿ ತೆರೆಯುವಷ್ಟರಲ್ಲಿ ಕಥೆ ಮುಗಿದಿರುತ್ತದೆ.

ಈ 0.4 ಸೆಕೆಂಡ್ ಕೂಡ ಪೂರ್ತಿ ಬ್ಯಾಟರ್‌ನದಲ್ಲ. ಕಣ್ಣು ಕಂಡದ್ದನ್ನು ಮೆದುಳು ಗ್ರಹಿಸಲು ಒಂದಿಷ್ಟು ಹೊತ್ತು ಬೇಕು, ಬ್ಯಾಟ್ ಬೀಸಿ ಮುಗಿಸಲು ಇನ್ನೊಂದಿಷ್ಟು. ಇವೆರಡನ್ನೂ ಕಳೆದರೆ ‘ಹೊಡೆಯಲೇ, ಬಿಡಲೇ’ ಎಂದು ತೀರ್ಮಾನಿಸಲು ಉಳಿಯುವುದು ಅರೆಕ್ಷಣವೂ ಅಲ್ಲ. ಚೆಂಡು ಇನ್ನೂ ಅರ್ಧ ದಾರಿಯ ಆಸುಪಾಸಿನಲ್ಲಿ ಇರುವಾಗಲೇ ನಿರ್ಧಾರ ಆಗಿಬಿಡಬೇಕು.

ಹಾಗಾದರೆ ‘ಚೆಂಡಿನ ಮೇಲೆ ಕಡೆಯವರೆಗೂ ಕಣ್ಣಿಡು’ ಎಂದು ಕೋಚ್‌ಗಳು ಹೇಳುವ ಮಾತು? ಅಕ್ಷರಶಃ ಅದು ಸಾಧ್ಯವಿಲ್ಲ. 1984ರಲ್ಲಿ ಟೆರ್ರಿ ಬಾಹಿಲ್ ಮತ್ತು ಟಾಮ್ ಲಾರಿಟ್ಜ್ ಎಂಬ ಸಂಶೋಧಕರು ಬ್ಯಾಟರ್‌ಗಳ ಕಣ್ಣು ಮತ್ತು ತಲೆಯ ಚಲನೆಯನ್ನು ಅಳೆದು ಇದನ್ನು ತೋರಿಸಿದರು. ವೃತ್ತಿಪರ ಆಟಗಾರನ ಕಣ್ಣು ಕೂಡ ಚೆಂಡನ್ನು ಹಿಂಬಾಲಿಸಿ ಹಿಂಬಾಲಿಸಿ, ಹೋಮ್ ಪ್ಲೇಟ್‌ಗೆ ಇನ್ನೂ ಒಂದೂವರೆ ಮೀಟರ್‌ಗಿಂತ ಸ್ವಲ್ಪ ಹೆಚ್ಚು ದೂರ ಇರುವಾಗ ಹಿಂದೆ ಬೀಳುತ್ತದೆ.

ಅಂದರೆ ಒಳ್ಳೆಯ ಬ್ಯಾಟರ್ ಚೆಂಡನ್ನು ‘ನೋಡಿ’ ತೀರ್ಮಾನಿಸುತ್ತಾನೆ ಎನ್ನುವುದಕ್ಕಿಂತ, ಮೊದಲ ಕೆಲವು ಮೀಟರ್‌ಗಳಲ್ಲಿ ಕಂಡದ್ದರಿಂದ ಅದು ಎಲ್ಲಿ ಬಂದು ಸೇರುತ್ತದೆ ಎಂದು ಅಂದಾಜಿಸುತ್ತಾನೆ ಎನ್ನುವುದು ಸರಿ. ಪಿಚರ್‌ನ ಕೈಯ ಕೋನ, ಚೆಂಡಿನ ತಿರುಗುವಿಕೆ, ಈ ಪಿಚರ್ ಇಂಥ ಸನ್ನಿವೇಶದಲ್ಲಿ ಸಾಮಾನ್ಯವಾಗಿ ಏನು ಎಸೆಯುತ್ತಾನೆ ಎಂಬ ಅನುಭವ, ಎಲ್ಲವೂ ಈ ಅಂದಾಜಿಗೆ ಸೇರುತ್ತವೆ. ಹರಿತವಾದ ದೃಷ್ಟಿ ಸಹಾಯ ಮಾಡುತ್ತದೆ ನಿಜ. ಆದರೆ ಉಳಿದದ್ದು ಕಲಿಕೆ. ಕಲಿಕೆ ಆಗಿರುವುದರಿಂದಲೇ ಆಟಗಾರನೊಬ್ಬ ವರ್ಷದಿಂದ ವರ್ಷಕ್ಕೆ ಇದರಲ್ಲಿ ಸುಧಾರಿಸಲು ಸಾಧ್ಯ.

ನಂಬಿಕೆ 1: ‘ವಾಕ್ ಎಂದರೆ ಪಿಚರ್‌ನ ತಪ್ಪು, ಬ್ಯಾಟರ್‌ನ ಸಾಧನೆ ಅಲ್ಲ’

ಇದು ಬಹಳ ಹಳೆಯ ನಂಬಿಕೆ. ಅಮೆರಿಕದಲ್ಲೇ ದಶಕಗಳ ಕಾಲ ಹೀಗೆ ಯೋಚಿಸುತ್ತಿದ್ದರು. ಬ್ಯಾಟಿಂಗ್ ಸರಾಸರಿ ಲೆಕ್ಕ ಹಾಕುವಾಗ ವಾಕ್ ಅನ್ನು ಸೇರಿಸುವುದೇ ಇಲ್ಲ. ಆ ಸರದಿ ನಡೆದೇ ಇಲ್ಲವೇನೋ ಎಂಬಂತೆ ಬಿಟ್ಟುಬಿಡುತ್ತಾರೆ.

ಪರೀಕ್ಷಿಸುವುದು ಸುಲಭ. ವಾಕ್ ಬರೀ ಪಿಚರ್‌ನ ತಪ್ಪಾಗಿದ್ದರೆ ಎಲ್ಲ ಬ್ಯಾಟರ್‌ಗಳಿಗೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಸಿಗಬೇಕಿತ್ತು. ಅವರೆಲ್ಲ ಎದುರಿಸುವುದು ಅದೇ ಪಿಚರ್‌ಗಳನ್ನು ತಾನೇ? ಆದರೆ ಕೆಲವರಿಗೆ 100 ಸರದಿಗೆ 4 ವಾಕ್ ಸಿಕ್ಕರೆ, ಕೆಲವರಿಗೆ 15 ಸಿಗುತ್ತವೆ. ಈ ವರ್ಷ ಹೆಚ್ಚು ಪಡೆದವರು ಮುಂದಿನ ವರ್ಷವೂ ಸಾಮಾನ್ಯವಾಗಿ ಹೆಚ್ಚೇ ಪಡೆಯುತ್ತಾರೆ. ಅದೃಷ್ಟವಾಗಿದ್ದರೆ ಹೀಗೆ ಮರುಕಳಿಸುತ್ತಿರಲಿಲ್ಲ.

ಈಗ ಇದಕ್ಕೆ ನೇರ ಅಳತೆಯೂ ಇದೆ. 2008ರ ಹೊತ್ತಿಗೆ ಮೇಜರ್ ಲೀಗ್‌ನ ಎಲ್ಲ ಮೈದಾನಗಳಲ್ಲೂ ಪ್ರತಿ ಚೆಂಡಿನ ಪಥವನ್ನು ದಾಖಲಿಸುವ ಕ್ಯಾಮೆರಾಗಳು ಬಂದವು. ಅಂದಿನಿಂದ ಯಾವ ಬ್ಯಾಟರ್ ಚೌಕಟ್ಟಿನ ಹೊರಗಿನ ಎಷ್ಟು ಚೆಂಡುಗಳ ಬೆನ್ನು ಹತ್ತುತ್ತಾನೆ ಎಂದು ಎಣಿಸಬಹುದು. ಸಾಮಾನ್ಯ ಬ್ಯಾಟರ್ ಅಂಥ 100 ಚೆಂಡುಗಳಲ್ಲಿ ಸುಮಾರು 30ಕ್ಕೆ ಬೀಸುತ್ತಾನೆ. ಟ್ರೌಟ್ ಅವರ ಉತ್ತಮ ವರ್ಷಗಳಲ್ಲಿ ಇದು ಅದಕ್ಕಿಂತ ಸಾಕಷ್ಟು ಕಡಿಮೆ.

ಒಂದು ಮಾತು ನಿಜ. ದೊಡ್ಡ ಹೊಡೆತಗಾರನಿಗೆ ಪಿಚರ್‌ಗಳೇ ಹೆದರಿ ದೂರ ಎಸೆಯುತ್ತಾರೆ, ಕೆಲವೊಮ್ಮೆ ಬೇಕೆಂದೇ ವಾಕ್ ಕೊಡುತ್ತಾರೆ. ಟ್ರೌಟ್ ಪಡೆದ ವಾಕ್‌ಗಳಲ್ಲೂ ಇಂಥದ್ದರ ಪಾಲಿದೆ. ಆದರೆ ದೂರ ಎಸೆದ ಚೆಂಡಿಗೆ ಬೀಸದೆ ಇರುವುದು ಬ್ಯಾಟರ್‌ನ ಕೈಯಲ್ಲೇ ಇದೆ. ಆಸೆಗೆ ಬಿದ್ದು ಬೀಸಿದರೆ ಪಿಚರ್‌ನ ಹೆದರಿಕೆಯೇ ಪಿಚರ್‌ಗೆ ಲಾಭವಾಗುತ್ತದೆ.

ನಂಬಿಕೆ 2: ‘ಸರಾಸರಿ ಯಾರದ್ದು ಹೆಚ್ಚೋ ಅವರೇ ಒಳ್ಳೆಯ ಬ್ಯಾಟರ್’

ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಇಬ್ಬರಿಗೂ ವರ್ಷಕ್ಕೆ 600 ಸರದಿ ಸಿಕ್ಕಿದೆ ಎಂದುಕೊಳ್ಳಿ.

ಮೊದಲನೆಯವನು 30 ವಾಕ್ ಪಡೆದ. ಉಳಿದ 570 ಸರದಿಯಲ್ಲಿ 171 ಹಿಟ್ ಹೊಡೆದ. ಬ್ಯಾಟಿಂಗ್ ಸರಾಸರಿ 0.300. ಬೇಸ್‌ಬಾಲ್‌ನಲ್ಲಿ ಇದು ಬೆನ್ನು ತಟ್ಟುವಂಥ ಸಂಖ್ಯೆ.

ಎರಡನೆಯವನು 110 ವಾಕ್ ಪಡೆದ. ಉಳಿದ 490ರಲ್ಲಿ 137 ಹಿಟ್ ಹೊಡೆದ. ಸರಾಸರಿ 0.280. ಮೊದಲನೆಯವನಿಗಿಂತ ಕಡಿಮೆ.

ಈಗ ಔಟ್‌ಗಳನ್ನು ಎಣಿಸಿ. ಮೊದಲನೆಯವನು 399 ಬಾರಿ ಔಟ್ ಆದ. ಎರಡನೆಯವನು 353 ಬಾರಿ. ವ್ಯತ್ಯಾಸ 46. ಒಂದು ಪಂದ್ಯದಲ್ಲಿ ಒಂದು ತಂಡಕ್ಕೆ ಸಿಗುವುದು 27 ಔಟ್ ಮಾತ್ರ. ಅಂದರೆ ‘ಕಡಿಮೆ ಸರಾಸರಿ’ಯ ಎರಡನೆಯವನು ತನ್ನ ತಂಡಕ್ಕೆ ಒಂದೂವರೆ ಪಂದ್ಯಕ್ಕೂ ಹೆಚ್ಚಿನ ಅವಕಾಶಗಳನ್ನು ಉಳಿಸಿಕೊಟ್ಟ.

ವಾಕ್ ಅನ್ನೂ ಸೇರಿಸಿ, ಬ್ಯಾಟರ್ ಎಷ್ಟು ಬಾರಿ ಔಟ್ ಆಗದೆ ಬೇಸ್ ತಲುಪಿದ ಎಂದು ಹೇಳುವ ಅಳತೆಗೆ ‘ಆನ್-ಬೇಸ್ ಪರ್ಸೆಂಟೇಜ್’ ಎಂದು ಹೆಸರು. ಚಿಕ್ಕದಾಗಿ ಒಬಿಪಿ. ಮೇಲಿನ ಲೆಕ್ಕದಲ್ಲಿ ಮೊದಲನೆಯವನ ಒಬಿಪಿ 0.335, ಎರಡನೆಯವನದು 0.412. ಪಟ್ಟಿ ತಲೆಕೆಳಗಾಯಿತು.

ಇದು ಹೊಸ ಆವಿಷ್ಕಾರವೇನಲ್ಲ. ಬ್ರಾಂಚ್ ರಿಕಿ ಎಂಬ ಹೆಸರಾಂತ ತಂಡ ನಿರ್ವಾಹಕ 1954ರಲ್ಲೇ ‘ಲೈಫ್’ ಪತ್ರಿಕೆಯಲ್ಲಿ ಇದರ ಪರವಾಗಿ ಬರೆದಿದ್ದರು. ಆದರೂ ಒಬಿಪಿ ಮೇಜರ್ ಲೀಗ್‌ನ ಅಧಿಕೃತ ಅಂಕಿ ಆದದ್ದು 1984ರಲ್ಲಿ. 2002ರಲ್ಲಿ ಓಕ್‌ಲ್ಯಾಂಡ್ ಅಥ್ಲೆಟಿಕ್ಸ್ ತಂಡ, ಉಳಿದವರು ಕಡಿಮೆ ಬೆಲೆ ಕಟ್ಟುತ್ತಿದ್ದ ಇಂಥ ಆಟಗಾರರನ್ನು ಹುಡುಕಿ ಹುಡುಕಿ ಸೇರಿಸಿಕೊಂಡು, ಸಣ್ಣ ಬಜೆಟ್‌ನಲ್ಲೇ 103 ಪಂದ್ಯ ಗೆದ್ದಿತು. ‘ಮನಿಬಾಲ್’ ಪುಸ್ತಕ ಮತ್ತು ಸಿನಿಮಾ ಈ ತಂಡದ ಕಥೆಯೇ.

ಬಾಲ್ಯದಿಂದಲೇ ಬಂದದ್ದಲ್ಲ, ಬೆಳೆಸಿಕೊಂಡದ್ದು

ಈಗ ಟ್ರೌಟ್ ಕಡೆಗೆ ಬರೋಣ. ನ್ಯೂಜೆರ್ಸಿಯ ಮಿಲ್‌ವಿಲ್ ಎಂಬ ಊರಲ್ಲಿ ಬೆಳೆದ ಹುಡುಗ. 2009ರ ಆಟಗಾರರ ಆಯ್ಕೆಯಲ್ಲಿ 25ನೆಯವರಾಗಿ ಏಂಜಲ್ಸ್ ತಂಡ ಸೇರಿದರು. ಅಂದರೆ ಅವರಿಗೂ ಮೊದಲು ಬೇರೆಯವರನ್ನು ಆರಿಸಲಾಗಿತ್ತು. 2011ರ ಜುಲೈನಲ್ಲಿ 19ನೇ ವಯಸ್ಸಿಗೆ ಮೇಜರ್ ಲೀಗ್‌ಗೆ ಕಾಲಿಟ್ಟರು. ಆ ವರ್ಷ 40 ಪಂದ್ಯಗಳಲ್ಲಿ ಸರಾಸರಿ 0.220. ಮುಂದೆ ಏನಾಗಬಹುದು ಎಂದು ಆ ಸಂಖ್ಯೆ ನೋಡಿ ಯಾರೂ ಊಹಿಸಲು ಸಾಧ್ಯವಿರಲಿಲ್ಲ.

ಮುಂದಿನ ವರ್ಷಗಳ ಲೆಕ್ಕ ಹೀಗಿದೆ. ಪ್ರತಿ 100 ಸರದಿಗೆ ಎಷ್ಟು ವಾಕ್, ಎಷ್ಟು ಸ್ಟ್ರೈಕ್‌ಔಟ್ ಎಂಬುದನ್ನು ಮಾತ್ರ ನೋಡಿ:

2012: ವಾಕ್ 10.5, ಸ್ಟ್ರೈಕ್‌ಔಟ್ 21.8
2013: ವಾಕ್ 15.4, ಸ್ಟ್ರೈಕ್‌ಔಟ್ 19.0
2014: ವಾಕ್ 11.8, ಸ್ಟ್ರೈಕ್‌ಔಟ್ 26.1
2015: ವಾಕ್ 13.5, ಸ್ಟ್ರೈಕ್‌ಔಟ್ 23.2
2016: ವಾಕ್ 17.0, ಸ್ಟ್ರೈಕ್‌ಔಟ್ 20.1
2017: ವಾಕ್ 18.5, ಸ್ಟ್ರೈಕ್‌ಔಟ್ 17.8
2018: ವಾಕ್ 20.1, ಸ್ಟ್ರೈಕ್‌ಔಟ್ 20.4

2014ರ ಸಾಲನ್ನು ಗಮನಿಸಿ. ಏರುತ್ತಿದ್ದ ಗೆರೆ ಅಲ್ಲಿ ಕೆಳಗೆ ಬಿದ್ದಿದೆ. ಆ ವರ್ಷ ಟ್ರೌಟ್ 184 ಬಾರಿ ಸ್ಟ್ರೈಕ್‌ಔಟ್ ಆದರು. ಅಮೆರಿಕನ್ ಲೀಗ್‌ನಲ್ಲಿ ಅಷ್ಟು ಬಾರಿ ಮತ್ತಾರೂ ಆಗಿರಲಿಲ್ಲ. ಕಾರಣವೂ ಎಲ್ಲರಿಗೂ ಗೊತ್ತಾಗಿತ್ತು. ಎದೆಯ ಮಟ್ಟಕ್ಕೆ ಬರುವ ವೇಗದ ಚೆಂಡು ಅವರ ದೌರ್ಬಲ್ಯ. ಒಬ್ಬ ಪಿಚರ್‌ಗೆ ಗೊತ್ತಾದ ದೌರ್ಬಲ್ಯ ಮರುವಾರ ಎಲ್ಲ ಪಿಚರ್‌ಗಳಿಗೂ ಗೊತ್ತಾಗುತ್ತದೆ. ಎಲ್ಲರೂ ಅಲ್ಲೇ ಎಸೆಯತೊಡಗಿದರು.

ವಿಚಿತ್ರವೆಂದರೆ ಟ್ರೌಟ್‌ಗೆ ಲೀಗ್‌ನ ‘ಅತ್ಯಂತ ಮೌಲ್ಯಯುತ ಆಟಗಾರ’ ಪ್ರಶಸ್ತಿ ಮೊದಲ ಬಾರಿ ಸಿಕ್ಕಿದ್ದು ಇದೇ 2014ರಲ್ಲಿ. ಪ್ರಶಸ್ತಿ ಕೈಯಲ್ಲಿದ್ದಾಗಲೇ ಆಟದಲ್ಲಿ ತೂತು ಕಾಣಿಸಿಕೊಂಡಿತ್ತು. ಅದನ್ನು ಅವರು ಹಾಗೇ ಬಿಡಲಿಲ್ಲ. ಮುಂದಿನ ವರ್ಷದಿಂದ ಎತ್ತರದ ಚೆಂಡಿನ ವಿರುದ್ಧ ಸುಧಾರಿಸಿದರು, ಹೊಡೆಯಲಾಗದ್ದನ್ನು ಬಿಡುವುದನ್ನು ರೂಢಿಸಿಕೊಂಡರು. 2017ರ ಹೊತ್ತಿಗೆ ಸ್ಟ್ರೈಕ್‌ಔಟ್‌ಗಿಂತ ವಾಕ್‌ಗಳೇ ಹೆಚ್ಚು: 94 ವಾಕ್, 90 ಸ್ಟ್ರೈಕ್‌ಔಟ್. 2016ರಿಂದ 2019ರವರೆಗೆ ನಾಲ್ಕು ವರ್ಷ ಸತತವಾಗಿ ಅಮೆರಿಕನ್ ಲೀಗ್‌ನಲ್ಲಿ ಅತಿ ಹೆಚ್ಚು ಒಬಿಪಿ ಅವರದ್ದೇ.

ಈಗ ಈ ಎರಡು ವರ್ಷಗಳನ್ನು ಪಕ್ಕಪಕ್ಕ ಇಡಿ. 2012ರಲ್ಲಿ ಬ್ಯಾಟಿಂಗ್ ಸರಾಸರಿ 0.326. 2018ರಲ್ಲಿ 0.312. ಬರೀ ಸರಾಸರಿಯ ಕಾರ್ಡ್ ಹಂಚಿದರೆ ‘ಟ್ರೌಟ್ ಫಾರ್ಮ್ ಕುಸಿತ’ ಎಂದು ತಲೆಬರಹ ಕೊಡಬಹುದು. ಆದರೆ ಒಬಿಪಿ 0.399ರಿಂದ 0.460ಕ್ಕೆ ಏರಿದೆ. ಪ್ರತಿ 600 ಸರದಿಗೆ ಲೆಕ್ಕ ಹಾಕಿದರೆ ಬೇಸ್ ತಲುಪದೆ ಮುಗಿದ ಸರದಿಗಳು ಸುಮಾರು 37ರಷ್ಟು ಕಡಿಮೆ. ಹೋಮ್ ರನ್ ಕೂಡ 30ರಿಂದ 39ಕ್ಕೆ ಏರಿತ್ತು.

ಹೆಚ್ಚು ಚೆಂಡು ಬಿಟ್ಟವನು ಹೆಚ್ಚು ಹೋಮ್ ರನ್ ಹೊಡೆದದ್ದು ಹೇಗೆ? ಇದರಲ್ಲಿ ಆಶ್ಚರ್ಯವಿಲ್ಲ. ಕೆಟ್ಟ ಚೆಂಡು ಬಿಟ್ಟಾಗ ಲೆಕ್ಕದಲ್ಲಿ ‘ಬಾಲ್’ ಏರುತ್ತದೆ. 3 ಬಾಲ್, 1 ಸ್ಟ್ರೈಕ್ ಆದಾಗ ಪಿಚರ್‌ಗೆ ಇನ್ನೊಂದು ಬಾಲ್ ಕೊಡುವಂತಿಲ್ಲ, ಚೌಕಟ್ಟಿನೊಳಗೇ ಎಸೆಯಬೇಕು. ಬ್ಯಾಟರ್ ಕಾಯುತ್ತಿದ್ದದ್ದು ಅದಕ್ಕೇ.

ಟೆಡ್ ವಿಲಿಯಮ್ಸ್ ಎಂಬ ದಂತಕಥೆಯಂಥ ಬ್ಯಾಟರ್ 1970ರಲ್ಲಿ ‘ದಿ ಸೈನ್ಸ್ ಆಫ್ ಹಿಟ್ಟಿಂಗ್’ ಎಂಬ ಪುಸ್ತಕದಲ್ಲಿ ಇದನ್ನು ಚಿತ್ರವಾಗಿಯೇ ತೋರಿಸಿದ್ದರು. ತಮ್ಮ ಸ್ಟ್ರೈಕ್ ಝೋನ್ ಅನ್ನು 77 ಚೆಂಡುಗಳಾಗಿ ವಿಂಗಡಿಸಿ, ನಡುವಿನ ಇಷ್ಟದ ಜಾಗದಲ್ಲಿ ತಮ್ಮ ಸರಾಸರಿ 0.400 ಆಗುತ್ತದೆ, ಹೊರಗಿನ ಕೆಳಮೂಲೆಯಲ್ಲಿ 0.230ಕ್ಕೆ ಇಳಿಯುತ್ತದೆ ಎಂದು ಅಂದಾಜಿಸಿದ್ದರು. ವ್ಯಕ್ತಿ ಒಬ್ಬನೇ, ಕೈ ಒಂದೇ, ಬ್ಯಾಟ್ ಒಂದೇ. ಬದಲಾಗುವುದು ಯಾವ ಚೆಂಡನ್ನು ಆರಿಸಿಕೊಂಡ ಎಂಬುದಷ್ಟೇ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಎಲ್ಲ ಚೆಂಡನ್ನೂ ಬಿಡುವುದು ವಿವೇಚನೆಯಲ್ಲ. ಚೌಕಟ್ಟಿನೊಳಗಿನ ಒಳ್ಳೆಯ ಚೆಂಡನ್ನು ಬಿಟ್ಟರೆ ಸ್ಟ್ರೈಕ್ ಕೂಡುತ್ತಾ ಹೋಗುತ್ತದೆ. ಬಿಡಬೇಕಾದದ್ದನ್ನು ಬಿಟ್ಟು, ಹೊಡೆಯಬೇಕಾದದ್ದನ್ನು ಹೊಡೆಯುವುದೇ ವಿವೇಚನೆ.

ನಂಬಿಕೆ 3: ‘ಹೆಚ್ಚು ಹೋಮ್ ರನ್ ಹೊಡೆದವರಿಗೇ ಪ್ರಶಸ್ತಿ ಸಲ್ಲಬೇಕು’

ಈ ಪ್ರಶ್ನೆ 2012ರಲ್ಲಿ ಅಮೆರಿಕವನ್ನೇ ಎರಡು ಪಾಳಯ ಮಾಡಿತ್ತು. ಅಮೆರಿಕನ್ ಲೀಗ್‌ನ ಅತ್ಯಂತ ಮೌಲ್ಯಯುತ ಆಟಗಾರ ಯಾರು?

ಒಂದು ಕಡೆ ಡೆಟ್ರಾಯಿಟ್ ಟೈಗರ್ಸ್‌ನ ಮಿಗೆಲ್ ಕಬ್ರೇರಾ. ಸರಾಸರಿ 0.330, ಹೋಮ್ ರನ್ 44, ಗಳಿಸಿಕೊಟ್ಟ ರನ್ 139. ಮೂರರಲ್ಲೂ ಲೀಗ್‌ಗೇ ಮೊದಲು. ಇದಕ್ಕೆ ‘ಟ್ರಿಪಲ್ ಕ್ರೌನ್’ ಎನ್ನುತ್ತಾರೆ. 1967ರ ನಂತರ 45 ವರ್ಷ ಯಾರೂ ಸಾಧಿಸದ ದಾಖಲೆ.

ಇನ್ನೊಂದು ಕಡೆ 20 ವರ್ಷದ ಟ್ರೌಟ್. ಸರಾಸರಿ 0.326, ಹೋಮ್ ರನ್ 30, ಗಳಿಸಿಕೊಟ್ಟ ರನ್ 83. ಕಾರ್ಡ್‌ನಲ್ಲಿ ಇಷ್ಟೇ ಬರೆದರೆ ವಾದವೇ ಬೇಕಿಲ್ಲ, ಕಬ್ರೇರಾ ಗೆದ್ದಂತೆ. ಮತ ಹಾಕಿದ ಪತ್ರಕರ್ತರೂ ಹಾಗೇ ಯೋಚಿಸಿದರು. 28 ಮೊದಲ ಸ್ಥಾನದ ಮತಗಳಲ್ಲಿ 22 ಕಬ್ರೇರಾಗೆ, 6 ಟ್ರೌಟ್‌ಗೆ.

ಆದರೆ ಕಾರ್ಡ್‌ನಲ್ಲಿ ಇಲ್ಲದ ಸಂಖ್ಯೆಗಳನ್ನು ನೋಡಿ. ಔಟ್ ಆಗದೆ ಬೇಸ್ ತಲುಪಿದ ಪ್ರಮಾಣ: ಟ್ರೌಟ್ 0.399, ಕಬ್ರೇರಾ 0.393. ಟ್ರೌಟ್ 54 ಬಾರಿ ಬೇಸ್ ಕದಿಯಲು ಓಡಿ 49 ಬಾರಿ ಯಶಸ್ವಿಯಾದರು. ಕಬ್ರೇರಾ ಕದ್ದದ್ದು 4. ಒಂದೇ ಹೊಡೆತಕ್ಕೆ ಇಬ್ಬರು ಔಟ್ ಆಗುವ ‘ಡಬಲ್ ಪ್ಲೇ’ಗೆ ಕಬ್ರೇರಾ 28 ಬಾರಿ ಕಾರಣರಾದರು, ಟ್ರೌಟ್ 7 ಬಾರಿ.

ಗಳಿಸಿಕೊಟ್ಟ ರನ್‌ಗಳ ಅಂತರಕ್ಕೂ ಕಾರಣವಿದೆ. ಟ್ರೌಟ್ ತಂಡದ ಆರಂಭಿಕ ಬ್ಯಾಟರ್. ಅವರು ಬರುವಾಗ ಬೇಸ್‌ಗಳಲ್ಲಿ ಹೆಚ್ಚಾಗಿ ಯಾರೂ ಇರುವುದಿಲ್ಲ. ಬೇಸ್ ಖಾಲಿ ಇದ್ದರೆ ಯಾರನ್ನು ಮನೆ ಮುಟ್ಟಿಸುವುದು? ಅವರ ಕೆಲಸ ತಾವೇ ಮನೆ ಮುಟ್ಟುವುದು. ಅದನ್ನು ಅವರು 129 ಬಾರಿ ಮಾಡಿದರು. ಅದೂ ಏಪ್ರಿಲ್ ಕೊನೆಯಲ್ಲಿ ತಂಡಕ್ಕೆ ಬಂದು, 139 ಪಂದ್ಯಗಳಲ್ಲಿ.

‘ಕಬ್ರೇರಾ ತನ್ನ ತಂಡವನ್ನು ಮುಂದಿನ ಸುತ್ತಿಗೆ ಒಯ್ದರು’ ಎಂಬುದು ಆಗ ಕೇಳಿಬಂದ ಇನ್ನೊಂದು ವಾದ. ಟೈಗರ್ಸ್ 88 ಪಂದ್ಯ ಗೆದ್ದು ಮುಂದಿನ ಸುತ್ತು ಸೇರಿತು. ಏಂಜಲ್ಸ್ 89 ಗೆದ್ದೂ ಹೊರಗುಳಿಯಿತು. ವಿಭಾಗಗಳು ಬೇರೆ ಬೇರೆ ಆಗಿದ್ದರಿಂದ ಹಾಗಾಯಿತು. ಒಂದು ಪಂದ್ಯ ಹೆಚ್ಚು ಗೆದ್ದ ತಂಡದ ಹುಡುಗನಿಗೆ ‘ಗೆಲ್ಲಿಸಲಿಲ್ಲ’ ಎಂಬ ಹೆಸರು ಬಂತು.

ಕಬ್ರೇರಾ ಸಾಧನೆ ಸಣ್ಣದು ಎಂದು ನಾವು ಹೇಳುತ್ತಿಲ್ಲ. ಟ್ರಿಪಲ್ ಕ್ರೌನ್ ಎಂದರೆ ತಮಾಷೆಯಲ್ಲ. ಪ್ರಶ್ನೆ ಇಷ್ಟೇ: ಮೂರು ಹಳೆಯ ಸಂಖ್ಯೆಗಳು ಒಬ್ಬ ಆಟಗಾರನ ಪೂರ್ತಿ ಕೆಲಸವನ್ನು ಹೇಳುತ್ತವೆಯೇ?

ಸೆಂಟರ್ ಫೀಲ್ಡರ್‌ಗೆ ಯಾಕೆ ವಿಶೇಷ ಬೆಲೆ?

ಪೂರ್ತಿ ಕೆಲಸ ಎಂದಾಗ ಫೀಲ್ಡಿಂಗ್ ಕೂಡ ಬರುತ್ತದೆ. ಬೇಸ್‌ಬಾಲ್ ಮೈದಾನದ ಹಿಂಭಾಗವನ್ನು ಮೂವರು ಕಾಯುತ್ತಾರೆ: ಎಡಕ್ಕೊಬ್ಬ, ಬಲಕ್ಕೊಬ್ಬ, ನಡುವೆ ಸೆಂಟರ್ ಫೀಲ್ಡರ್. ಮೂವರಲ್ಲಿ ಅತಿ ಹೆಚ್ಚು ಜಾಗ ನಡುವಿನವನ ಪಾಲಿಗೆ. ಎರಡೂ ಬದಿಗೆ ಓಡಬೇಕು, ಹಿಂದಕ್ಕೆ ಬೇಲಿಯವರೆಗೆ ಹೋಗಬೇಕು. ಕಾಲಲ್ಲಿ ವೇಗ ಇಲ್ಲದವರಿಗೆ ಆ ಜಾಗ ಅಲ್ಲ.

2012ರ ಜೂನ್ 27ರಂದು ಬಾಲ್ಟಿಮೋರ್‌ನಲ್ಲಿ ಟ್ರೌಟ್ ಬೇಲಿಯ ಮೇಲಕ್ಕೆ ಹಾರಿ, ಜೆ.ಜೆ. ಹಾರ್ಡಿ ಹೊಡೆದ ಹೋಮ್ ರನ್ ಆಗಲಿದ್ದ ಚೆಂಡನ್ನು ಹಿಡಿದ ದೃಶ್ಯ ಇವತ್ತಿಗೂ ಹರಿದಾಡುತ್ತದೆ. ಅಂಥ ಒಂದು ಕ್ಯಾಚ್ ಎದುರಾಳಿಯ ಒಂದಾದರೂ ರನ್ ಅನ್ನು ಅಳಿಸುತ್ತದೆ. ಹಾಗಂತ ಟ್ರೌಟ್ ಎಲ್ಲ ವರ್ಷವೂ ಅಸಾಧಾರಣ ಫೀಲ್ಡರ್ ಆಗಿರಲಿಲ್ಲ. ಉತ್ತಮ ಫೀಲ್ಡರ್‌ಗೆ ಕೊಡುವ ‘ಗೋಲ್ಡ್ ಗ್ಲವ್’ ಪ್ರಶಸ್ತಿ ಅವರಿಗೆ ಒಮ್ಮೆಯೂ ಸಿಕ್ಕಿಲ್ಲ. ಒಂದು ಕ್ಯಾಚ್‌ನ ವಿಡಿಯೊ ನೋಡಿ ಇಡೀ ವರ್ಷದ ಫೀಲ್ಡಿಂಗ್ ತೀರ್ಮಾನಿಸುವುದೂ ಸರಾಸರಿ ಒಂದನ್ನೇ ನೋಡಿದಷ್ಟೇ ತಪ್ಪು.

ಆದರೂ ಆ ಕಷ್ಟದ ಜಾಗವನ್ನು ಸಾಮಾನ್ಯ ಮಟ್ಟದಲ್ಲಿ ನಿಭಾಯಿಸುವುದಕ್ಕೇ ಬೆಲೆಯಿದೆ. ಏಕೆಂದರೆ ಅಲ್ಲಿ ನಿಲ್ಲಬಲ್ಲವರು ಕಡಿಮೆ, ಅಲ್ಲಿ ನಿಂತೂ ಹೀಗೆ ಬ್ಯಾಟ್ ಮಾಡಬಲ್ಲವರು ಇನ್ನೂ ಕಡಿಮೆ. ಅಂಕಿಅಂಶ ತಜ್ಞರು ಇದಕ್ಕೂ ಸಂಖ್ಯೆ ಕೊಟ್ಟಿದ್ದಾರೆ. ಚಾಲ್ತಿಯಲ್ಲಿರುವ ಒಂದು ಲೆಕ್ಕದ ಪ್ರಕಾರ ಪೂರ್ತಿ ಋತುವಿಗೆ ಸೆಂಟರ್ ಫೀಲ್ಡರ್‌ಗೆ 2.5 ರನ್ ಕೂಡಿಸುತ್ತಾರೆ, ಸುಲಭದ ಜಾಗ ಎನಿಸಿದ ಮೊದಲ ಬೇಸ್‌ನವನಿಗೆ 12.5 ರನ್ ಕಳೆಯುತ್ತಾರೆ. ಅಲ್ಲಿಗೇ 15 ರನ್ ಅಂತರ.

ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕುವುದು ಹೇಗೆ?

ವಾಕ್, ಹೊಡೆತ, ಓಟ, ಕ್ಯಾಚ್ ಎಲ್ಲ ಬೇರೆ ಬೇರೆ ವಸ್ತು. ಅಕ್ಕಿ, ಬೇಳೆ, ಎಣ್ಣೆಯನ್ನು ಹಾಗೇ ಕೂಡಿಸಲಾಗದು, ಆದರೆ ಪ್ರತಿಯೊಂದರ ಬೆಲೆಯನ್ನು ರೂಪಾಯಿಗೆ ಇಳಿಸಿದರೆ ಕೂಡಿಸಬಹುದು. ಬೇಸ್‌ಬಾಲ್‌ನಲ್ಲಿ ಆ ರೂಪಾಯಿಯೇ ‘ರನ್’.

ಸಾವಿರಾರು ಪಂದ್ಯಗಳ ದಾಖಲೆಯಿಂದ ಲೆಕ್ಕ ತೆಗೆದಿದ್ದಾರೆ. ಒಂದು ವಾಕ್‌ನ ಬೆಲೆ ಸರಾಸರಿ 0.3 ರನ್ ಆಸುಪಾಸು. ಒಂದು ಬೇಸ್‌ನ ಹಿಟ್ 0.45ರ ಆಸುಪಾಸು. ಹೋಮ್ ರನ್ ಸುಮಾರು 1.4. ಔಟ್ ಆದರೆ ಕಾಲು ರನ್‌ನಷ್ಟು ನಷ್ಟ. ಅಂದರೆ ‘ಸುಮ್ಮನೆ ನಿಂತು’ ಪಡೆದ ವಾಕ್ ಒಂದು ಹಿಟ್‌ನ ಮೂರನೇ ಎರಡು ಭಾಗದಷ್ಟು ಬೆಲೆಬಾಳುತ್ತದೆ. ಸರಾಸರಿ ಅದಕ್ಕೆ ಕೊಡುತ್ತಿದ್ದ ಬೆಲೆ ಸೊನ್ನೆ.

ಟ್ರೌಟ್‌ಗೆ ಇದನ್ನು ಅನ್ವಯಿಸೋಣ. 2012ರ ಪ್ರಮಾಣದಲ್ಲೇ ಇದ್ದಿದ್ದರೆ 2018ರ 608 ಸರದಿಗೆ ಸುಮಾರು 64 ವಾಕ್ ಸಿಗುತ್ತಿತ್ತು. ಸಿಕ್ಕಿದ್ದು 122. ಹೆಚ್ಚುವರಿ 58. ಆ 58 ಸರದಿಗಳು ಔಟ್‌ನಲ್ಲಿ ಮುಗಿದಿದ್ದರೆ ತಂಡಕ್ಕೆ 30 ರನ್‌ಗೂ ಹೆಚ್ಚು ನಷ್ಟ. ಅವುಗಳಲ್ಲಿ ಕೆಲವು ಹಿಟ್ ಆಗುತ್ತಿದ್ದವು, ಆದ್ದರಿಂದ ನಿಜವಾದ ಅಂತರ ಇದಕ್ಕಿಂತ ಕಡಿಮೆ. ಆದರೂ ಸುಮಾರು 10 ರನ್‌ಗೆ ಒಂದು ಗೆಲುವು ಎಂಬುದು ತಜ್ಞರ ರೂಢಿಯ ಲೆಕ್ಕ. ಬಿಟ್ಟ ಚೆಂಡುಗಳಿಂದ ತಂಡಕ್ಕೆ ಗೆಲುವುಗಳೇ ದಕ್ಕುತ್ತವೆ ಎಂಬುದು ಇದರಿಂದ ಸ್ಪಷ್ಟ.

ಬ್ಯಾಟಿಂಗ್, ಓಟ, ಫೀಲ್ಡಿಂಗ್, ನಿಲ್ಲುವ ಜಾಗ ಎಲ್ಲವನ್ನೂ ರನ್‌ಗೆ, ರನ್ ಅನ್ನು ಗೆಲುವಿಗೆ ಇಳಿಸಿ ಹೇಳುವ ಒಟ್ಟು ಸಂಖ್ಯೆಗೆ ‘ವಾರ್’ ಎಂದು ಹೆಸರು. ಯುದ್ಧಕ್ಕೂ ಇದಕ್ಕೂ ಸಂಬಂಧವಿಲ್ಲ, ಇಂಗ್ಲಿಷ್ ಪದಗಳ ಮೊದಲಕ್ಷರಗಳಷ್ಟೇ. ಇದೇ ಆಟಗಾರನ ಬದಲು ಸುಲಭವಾಗಿ ಸಿಗುವ ಸಾಧಾರಣ ಬದಲಿ ಆಟಗಾರನನ್ನು ಆಡಿಸಿದ್ದರೆ ತಂಡ ಎಷ್ಟು ಪಂದ್ಯ ಕಡಿಮೆ ಗೆಲ್ಲುತ್ತಿತ್ತು ಎಂಬುದೇ ಅದರ ಅರ್ಥ. 2012ರಲ್ಲಿ ಟ್ರೌಟ್ ವಾರ್ 10 ದಾಟಿತ್ತು, ಕಬ್ರೇರಾ ಅವರದ್ದು 7ರ ಆಸುಪಾಸು.

ಹಾಗಂತ ವಾರ್ ದೇವರ ವಾಕ್ಯವಲ್ಲ. ಅದನ್ನು ಬೇರೆ ಬೇರೆ ಸಂಸ್ಥೆಗಳು ಬೇರೆ ಬೇರೆ ಸೂತ್ರದಿಂದ ಲೆಕ್ಕ ಹಾಕುತ್ತವೆ, ಉತ್ತರ ಸ್ವಲ್ಪ ಬೇರೆಯೇ ಬರುತ್ತದೆ. ಫೀಲ್ಡಿಂಗ್ ಅಳತೆಯಲ್ಲಿ ಅಂದಾಜಿನ ಪಾಲು ದೊಡ್ಡದು. 6.1 ಮತ್ತು 6.4ರ ನಡುವಿನ ವ್ಯತ್ಯಾಸ ಇಟ್ಟುಕೊಂಡು ಜಗಳವಾಡಿದರೆ ಅರ್ಥವಿಲ್ಲ. 10 ಮತ್ತು 7ರ ನಡುವಿನ ವ್ಯತ್ಯಾಸವನ್ನು ಕಡೆಗಣಿಸಿದರೂ ಅರ್ಥವಿಲ್ಲ.

ವಿವೇಚನೆ ಇದ್ದರೆ ಸೋಲೇ ಇಲ್ಲವೇ?

ಖಂಡಿತ ಇದೆ. 2023ರ ಮಾರ್ಚ್‌ನಲ್ಲಿ ಮಯಾಮಿಯಲ್ಲಿ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ಫೈನಲ್. ಜಪಾನ್ 3, ಅಮೆರಿಕ 2. ಕೊನೆಯ ಸರದಿ, ಇಬ್ಬರು ಔಟ್ ಆಗಿದ್ದಾರೆ. ಬ್ಯಾಟ್ ಹಿಡಿದದ್ದು ಟ್ರೌಟ್. ಎಸೆಯಲು ನಿಂತದ್ದು ಏಂಜಲ್ಸ್‌ನಲ್ಲಿ ಅವರ ಜೊತೆಗಾರನೇ ಆಗಿದ್ದ ಶೋಹೈ ಒಟಾನಿ. ಲೆಕ್ಕ 3 ಬಾಲ್, 2 ಸ್ಟ್ರೈಕ್‌ಗೆ ಬಂತು. ಇನ್ನೊಂದು ಚೆಂಡು ಬಿಟ್ಟು ಅದು ಬಾಲ್ ಆದರೆ ವಾಕ್. ಒಟಾನಿ ಎಸೆದದ್ದು ಹೊರಕ್ಕೆ ಅಗಲವಾಗಿ ತಿರುಗುವ ಸ್ಲೈಡರ್. ಟ್ರೌಟ್ ಬೀಸಿದರು, ತಪ್ಪಿತು. ಜಪಾನ್ ಚಾಂಪಿಯನ್.

ತನ್ನ ಪೀಳಿಗೆಯಲ್ಲೇ ಅತ್ಯಂತ ವಿವೇಚನೆಯುಳ್ಳ ಬ್ಯಾಟರ್‌ಗಳಲ್ಲಿ ಒಬ್ಬರೂ ಬೀಳುವಂಥ ಚೆಂಡುಗಳಿವೆ. 0.4 ಸೆಕೆಂಡಿನ ಆಟದಲ್ಲಿ ಯಾರೂ ಪೂರ್ತಿ ಗೆಲ್ಲುವುದಿಲ್ಲ. ಸಾವಿರ ಬಾರಿ ಆಡಿದಾಗ ಯಾರ ಕಡೆಗೆ ತಕ್ಕಡಿ ವಾಲುತ್ತದೆ ಎಂಬುದನ್ನಷ್ಟೇ ಅಂಕಿಗಳು ಹೇಳಬಲ್ಲವು.

ತಂಡದ ಲೆಕ್ಕ ಇನ್ನೂ ಕಠೋರ. 2014, 2016, 2019ರಲ್ಲಿ ಒಟ್ಟು ಮೂರು ಬಾರಿ ಮೌಲ್ಯಯುತ ಆಟಗಾರ ಪ್ರಶಸ್ತಿ ಪಡೆದ ಟ್ರೌಟ್, ಲೀಗ್ ಮುಗಿದ ಮೇಲಿನ ನಾಕೌಟ್ ಸುತ್ತು ಆಡಿದ್ದು 2014ರಲ್ಲಿ ಒಮ್ಮೆ ಮಾತ್ರ. ಆಗಲೂ ಏಂಜಲ್ಸ್ ಮೂರಕ್ಕೆ ಮೂರೂ ಪಂದ್ಯ ಸೋತಿತು. 162 ಪಂದ್ಯಗಳ ಋತುವಿನಲ್ಲಿ ಒಬ್ಬ ಆಟಗಾರ 10 ಗೆಲುವು ತಂದುಕೊಡಬಹುದು. ಉಳಿದದ್ದನ್ನು ಉಳಿದವರೇ ತರಬೇಕು. 2021ರಿಂದ ಮೀನಖಂಡ, ಬೆನ್ನು, ಮಣಿಕಟ್ಟಿನ ಬಳಿಯ ಮೂಳೆ, ಮೊಣಕಾಲು ಎಂದು ಗಾಯಗಳು ಸಾಲುಗಟ್ಟಿದವು. 2025ರಲ್ಲಿ ಮೊಣಕಾಲಿನ ಮೇಲಿನ ಭಾರ ತಗ್ಗಿಸಲು ಅವರು ಸೆಂಟರ್ ಫೀಲ್ಡ್ ಬಿಟ್ಟು ಬಲಬದಿಗೆ ಸರಿದರು. ಕಾಲಿನ ವೇಗ ವಯಸ್ಸಿನ ಜೊತೆ ಇಳಿಯುತ್ತದೆ, ಚೆಂಡು ಆರಿಸುವ ವಿವೇಚನೆ ಸಾಮಾನ್ಯವಾಗಿ ಅಷ್ಟು ಬೇಗ ಕೈಬಿಡುವುದಿಲ್ಲ.

ಹಂಚುವ ಮುನ್ನ ಮೂರು ಪ್ರಶ್ನೆ

ಬೇಸ್‌ಬಾಲ್ ಬಿಡಿ. ಐಪಿಎಲ್ ಬಂತೆಂದರೆ ನಮ್ಮ ಗ್ರೂಪ್‌ಗಳಲ್ಲೂ ಆಟಗಾರರ ಸಂಖ್ಯೆ-ಕಾರ್ಡ್‌ಗಳ ಸುರಿಮಳೆ. ಒಬ್ಬನ ಸ್ಟ್ರೈಕ್ ರೇಟ್, ಇನ್ನೊಬ್ಬನ ಸರಾಸರಿ ಪಕ್ಕಪಕ್ಕ ಇಟ್ಟು ಒಬ್ಬನನ್ನು ಹೊಗಳಿ ಇನ್ನೊಬ್ಬನನ್ನು ಜಾಲಾಡುವುದು. ಸಂಖ್ಯೆ ಸುಳ್ಳಾಗಿರಬೇಕಿಲ್ಲ. 2012ರ ಕಬ್ರೇರಾ ಕಾರ್ಡ್‌ನಲ್ಲಿ ಒಂದು ಸಂಖ್ಯೆಯೂ ಸುಳ್ಳಿರಲಿಲ್ಲ. ಅರ್ಧ ಲೆಕ್ಕ ಮಾತ್ರ ಇತ್ತು.

ಹಾಗಾಗಿ ಇಂಥ ಕಾರ್ಡ್ ಬಂದಾಗ ಕೇಳಿಕೊಳ್ಳಿ. ಒಂದು, ಈ ಸಂಖ್ಯೆ ಏನನ್ನು ಎಣಿಸದೆ ಬಿಟ್ಟಿದೆ? ಬ್ಯಾಟಿಂಗ್ ಸರಾಸರಿ ವಾಕ್ ಅನ್ನು ಬಿಟ್ಟಂತೆ. ಎರಡು, ಇಬ್ಬರಿಗೂ ಸಿಕ್ಕ ಅವಕಾಶ ಒಂದೇ ಆಗಿತ್ತೇ? ಆರಂಭಿಕನಿಗೂ ನಡುವಿನ ಕ್ರಮಾಂಕದವನಿಗೂ ಸಿಕ್ಕ ಅವಕಾಶ ಬೇರೆಯಾಗಿದ್ದಂತೆ. ಮೂರು, ಇದು ಎಷ್ಟು ಪಂದ್ಯಗಳ ಲೆಕ್ಕ? 40 ಪಂದ್ಯಗಳ 0.220 ನೋಡಿ ಟ್ರೌಟ್ ಅವರನ್ನು ಮನೆಗೆ ಕಳಿಸಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ.

ಮೂರಕ್ಕೂ ಉತ್ತರ ಸಿಗದಿದ್ದರೆ, ಚೌಕಟ್ಟಿನ ಹೊರಗಿನ ಚೆಂಡನ್ನು ಬಿಟ್ಟಂತೆ ಆ ಫಾರ್ವರ್ಡ್ ಅನ್ನೂ ಸುಮ್ಮನೆ ಬಿಟ್ಟುಬಿಡಿ.